ಸರ್ಕಾರಿ ಕಟ್ಟಡದ ಪ್ರತಿಮೆ, ಗೋಡೆ ಚಿತ್ರ: ಆರಿಸೋರು ಯಾರು, ದುಡ್ಡು ಯಾರದ್ದು?

ಹಾಸನ: ಪಹಣಿಗೋ, ಜಾತಿ ಪ್ರಮಾಣಪತ್ರಕ್ಕೋ ತಾಲ್ಲೂಕು ಕಚೇರಿಗೆ ಹೋದವರು ಸಾಲಲ್ಲಿ ನಿಂತಾಗ ಗೋಡೆ ಕಡೆ ನೋಡೇ ನೋಡ್ತಾರೆ. ಗಾಂಧೀಜಿ, ಅಂಬೇಡ್ಕರ್ ಭಾವಚಿತ್ರ ಇರುತ್ತೆ. 2024ರಿಂದ ಬಸವಣ್ಣನವರ ಭಾವಚಿತ್ರವೂ ಸೇರಿದೆ. ಅಂಗನವಾಡಿ ಗೋಡೆ ಮೇಲೆ ಹಣ್ಣು, ತರಕಾರಿ, ಪ್ರಾಣಿಗಳ ಚಿತ್ರ. ದೊಡ್ಡ ಕಟ್ಟಡ ಆದರೆ ಮುಂದೆ ಒಂದು ಪ್ರತಿಮೆ.

ಇವನ್ನೆಲ್ಲ ದಿನಾ ನೋಡ್ತೀವಿ. ಆದರೆ ಇದೇ ಇರಲಿ ಅಂತ ತೀರ್ಮಾನ ಮಾಡಿದವರು ಯಾರು, ಮಾಡಿದ ಕಲಾವಿದ ಯಾರು, ಬಿಲ್ ಎಷ್ಟು ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇಲ್ಲ. ಇದರಲ್ಲಿ ಖರ್ಚಾಗೋದು ಜನರ ತೆರಿಗೆ ಹಣ. ಎಷ್ಟೋ ಸಲ ಪೇಟೆ ಅಂಗಡಿಗಳಿಂದ ಎತ್ತಿದ ಚಂದಾ ಕೂಡ ಸೇರಿರುತ್ತೆ. ಅದನ್ನ ಕೇಳೋಕೆ ಒಂದು ಸಮಯ ಇದೆ. ಪ್ರತಿಮೆ ನಿಂತು, ಬಿಲ್ ಪಾಸ್ ಆದ ಮೇಲೆ ಕೇಳಿದರೆ ತಡವಾಗಿರುತ್ತೆ. ಹಾಗಾಗಿ ಈ ಕೆಲಸ ಹೇಗೆ ನಡೆಯುತ್ತೆ ಅನ್ನೋದನ್ನ ಹಂತ ಹಂತವಾಗಿ ನೋಡೋಣ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ

ಆಡಳಿತ ನಡೆಸೋರು ಹಣ ಕೊಟ್ಟು ಕಲಾಕೃತಿ ಮಾಡಿಸೋದು ಹಾಸನ ಜಿಲ್ಲೆಯಲ್ಲಿ ಸಾವಿರ ವರ್ಷದಿಂದ ನಡೆದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನನ್ನು ಹತ್ತನೇ ಶತಮಾನದ ಕೊನೆಗೆ ಮಾಡಿಸಿದ್ದು ಗಂಗರ ಮಂತ್ರಿ ಚಾವುಂಡರಾಯ. ಮಾಡಿಸಿದವರ ಹೆಸರನ್ನು ಮೂರ್ತಿಯ ಪಾದದ ಬಳಿಯ ಶಾಸನ ಹೇಳುತ್ತೆ. ಕೆತ್ತಿದವರ ಹೆಸರು ಅದರಲ್ಲಿಲ್ಲ.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಗೆ ಬನ್ನಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನವನ್ನು 1246ರಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಕಟ್ಟಿಸಿದ್ದು ಬೊಮ್ಮಣ್ಣ ದಂಡನಾಯಕ. ಅಲ್ಲಿ ಶಿಲ್ಪಿಗಳ ಹೆಸರೂ ಕಲ್ಲಿನಲ್ಲೇ ಇದೆ. ದಕ್ಷಿಣದ ಕಡೆ ಕೆಲಸ ಬೈಚೋಜನದ್ದು, ಉತ್ತರದ ಕಡೆಯದ್ದು ಮಲ್ಲಿತಮ್ಮನದ್ದು. ಬೇಲೂರಲ್ಲೂ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬಿಟ್ಟು ಹೋಗಿದ್ದಾರೆ.

ಈಗ ಯಾವುದಾದರೂ ಹೊಸ ಸರ್ಕಾರಿ ಕಟ್ಟಡದ ಶಿಲಾಫಲಕ ಓದಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಎಲ್ಲರ ಹೆಸರೂ ಇರುತ್ತೆ. ಕಲಾವಿದನ ಹೆಸರು ಹುಡುಕಿದರೂ ಸಿಗೋದು ಕಷ್ಟ. ಯಾಕೆ ಹೀಗೆ ಅನ್ನೋದಕ್ಕೆ ಕಾರಣ ಹಣ ಬರೋ ದಾರಿಯಲ್ಲಿದೆ.

ಹಣ ಬರೋ ನಾಲ್ಕು ದಾರಿ

ಮೊದಲನೇದು, ಕಟ್ಟಡದ ಅಂದಾಜು ಪಟ್ಟಿಯ ಒಳಗೇ ಸೇರಿಸೋದು. ಸಿಮೆಂಟು, ಕಬ್ಬಿಣ, ಗ್ರಾನೈಟ್ ಜೊತೆ ಗೋಡೆ ಚಿತ್ರ ಅಥವಾ ಉಬ್ಬುಶಿಲ್ಪವೂ ಒಂದು ಐಟಂ ಆಗುತ್ತೆ. ಬೆಂಗಳೂರಿನ ವಿಧಾನಸೌಧವೇ ಇದಕ್ಕೆ ದೊಡ್ಡ ಉದಾಹರಣೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ಆ ಕಟ್ಟಡದ ಕೆತ್ತನೆ ಬೇರೆ, ಕಟ್ಟಡ ಬೇರೆ ಅಂತ ಬಿಡಿಸೋಕೇ ಆಗಲ್ಲ. ಕಲ್ಲು ಕೆತ್ತೋರು, ಗಾರೆಯವರು, ಮರಗೆತ್ತನೆಯವರು ಸೇರಿ ಸುಮಾರು 1,500 ಕುಶಲಕರ್ಮಿಗಳು ಅಲ್ಲಿ ದುಡಿದರು. ಖರ್ಚು ಜಾಸ್ತಿ ಆಯ್ತು ಅಂತ ಆಮೇಲೆ ವಿಚಾರಣೆಯೂ ನಡೆಯಿತು. ಅಂದರೆ ಕಲೆ ಮತ್ತು ಖರ್ಚಿನ ಜಗಳ ರಾಜ್ಯದ ಮೊದಲ ದೊಡ್ಡ ಕಟ್ಟಡದಿಂದಲೇ ಶುರುವಾಗಿದೆ.

ಎರಡನೇದು, ಪ್ರತ್ಯೇಕ ಅನುದಾನ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ, ಬೇರೆ ಇಲಾಖೆಯೋ ಒಂದು ಪ್ರತಿಮೆಗೆ ಅಂತಲೇ ಹಣ ಕೊಡುತ್ತೆ. ವಿಧಾನಸೌಧದ ಆವರಣದಲ್ಲಿ 2025ರ ಜನವರಿ 27ರಂದು ಅನಾವರಣಗೊಂಡ ನಾಡದೇವಿ ಭುವನೇಶ್ವರಿಯ 25 ಅಡಿ ಕಂಚಿನ ಪ್ರತಿಮೆ ಈ ಥರದ್ದು. ಆ ಯೋಜನೆಗೆ ಆದ ವೆಚ್ಚ 21 ಕೋಟಿ ರೂಪಾಯಿಗೂ ಹೆಚ್ಚು.

ಮೂರನೇದು, ಪುರಸಭೆ, ಪಟ್ಟಣ ಪಂಚಾಯಿತಿಗಳ ಸ್ವಂತ ನಿಧಿ. ಇದು ಮನೆ ಕಂದಾಯ, ಅಂಗಡಿ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕದಿಂದ ಬಂದ ಹಣ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಬಳಸಬಹುದಲ್ಲ ಅಂತ ಕೆಲವರು ಕೇಳ್ತಾರೆ. ಆ ನಿಧಿಯ ಮಾರ್ಗಸೂಚಿ ಸ್ಮಾರಕ ಕಟ್ಟೋಕೆ ಅವಕಾಶ ಕೊಡಲ್ಲ.

ನಾಲ್ಕನೇದು ಚಂದಾ. ಪ್ರತಿಮೆ ಸ್ಥಾಪನಾ ಸಮಿತಿ ಅಂತ ಒಂದು ಆಗುತ್ತೆ, ರಸೀದಿ ಪುಸ್ತಕ ಹಿಡ್ಕೊಂಡು ಅಂಗಡಿ ಅಂಗಡಿಗೆ ಬರ್ತಾರೆ. ಪ್ರತಿಮೆ ತಯಾರಾದ ಮೇಲೆ ಸರ್ಕಾರಿ ಜಾಗದಲ್ಲಿ ನಿಲ್ಲಿಸಿ ಸ್ಥಳೀಯ ಸಂಸ್ಥೆಗೆ ಒಪ್ಪಿಸ್ತಾರೆ. ಅಲ್ಲಿಂದ ಮುಂದೆ ಬಣ್ಣ, ದೀಪ, ಬೇಲಿ, ಸ್ವಚ್ಛತೆ ಎಲ್ಲಾ ಸಾರ್ವಜನಿಕರ ಖರ್ಚು. ಕೊಡುಗೆ ಪುಕ್ಕಟೆ ಅನ್ನಿಸಿದರೂ ಅದರ ನಿರ್ವಹಣೆ ಪುಕ್ಕಟೆ ಅಲ್ಲ.

ಆಯ್ಕೆ ಆಗೋದು ಹೇಗೆ?

ಆಯ್ಕೆಯಲ್ಲಿ ಎರಡು ಪ್ರಶ್ನೆ ಇದೆ. ಏನನ್ನು ಮಾಡಿಸಬೇಕು ಅನ್ನೋದು ಒಂದು. ಯಾರಿಂದ ಮಾಡಿಸಬೇಕು ಅನ್ನೋದು ಇನ್ನೊಂದು.

ಏನನ್ನು ಅನ್ನೋದು ಬಹುತೇಕ ಮೇಲಿನಿಂದ ಬರುತ್ತೆ. 2024ರ ಜನವರಿಯಲ್ಲಿ ಸಚಿವ ಸಂಪುಟ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಎಲ್ಲಾ ಸರ್ಕಾರಿ ಕಚೇರಿಯಲ್ಲೂ ಆ ಬರಹದೊಂದಿಗೆ ಭಾವಚಿತ್ರ ಹಾಕಬೇಕು ಅಂತ ಆಯ್ತು. ಹೀಗೆ ರಾಜ್ಯಕ್ಕೆಲ್ಲ ಒಂದೇ ಆದೇಶ ಹೊರಟಾಗ ತಾಲ್ಲೂಕಿನಲ್ಲಿ ಚರ್ಚೆಗೆ ಜಾಗ ಇರಲ್ಲ. ಇಂಥ ಸಣ್ಣ ಖರೀದಿ ಸಾಮಾನ್ಯವಾಗಿ ಕಚೇರಿ ವೆಚ್ಚದಲ್ಲೇ ಮುಗಿಯುತ್ತೆ.

ಊರಿನ ಮಟ್ಟದ ಪ್ರತಿಮೆ ಆದರೆ ಪುರಸಭೆ ಅಥವಾ ಪಂಚಾಯಿತಿ ಸಭೆಯ ನಿರ್ಣಯ ಬೇಕು. ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಅದು ಪುರಸಭೆ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ. ಸಭೆಯ ನಡಾವಳಿ ಪುಸ್ತಕದಲ್ಲಿ ಆ ಎರಡು ಸಾಲು ಇದೆಯಾ ಇಲ್ವಾ ಅನ್ನೋದೇ ಮುಂದಿನ ಎಲ್ಲದಕ್ಕೂ ಆಧಾರ.

ಯಾರಿಂದ ಮಾಡಿಸಬೇಕು ಅನ್ನೋದಕ್ಕೆ ಕಾಯ್ದೆ ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಗುತ್ತಿಗೆದಾರರ ಬಾಯಲ್ಲಿ ಇದು ಕೆಟಿಪಿಪಿ. ಸಣ್ಣ ಮೊತ್ತಕ್ಕೆ ಟೆಂಡರ್ ಬೇಕಿಲ್ಲ, ಕೊಟೇಶನ್ ತಗೊಂಡು ಮಾಡಿಸಬಹುದು. ಶಾಲೆ, ಅಂಗನವಾಡಿ ಗೋಡೆ ಚಿತ್ರಗಳು ಹೆಚ್ಚಾಗಿ ಈ ಸಾಲಿಗೆ ಬರ್ತವೆ. ಊರಲ್ಲಿ ಬೋರ್ಡ್ ಬರೆಯೋ ಕಲಾವಿದರಿಗೆ ಚದರಡಿ ಲೆಕ್ಕದಲ್ಲಿ ಈ ಕೆಲಸ ಸಿಗುತ್ತೆ. ಮಿತಿ ದಾಟಿದರೆ ಟೆಂಡರ್ ಕರೆದು ಸರ್ಕಾರದ ಸಂಗ್ರಹಣಾ ಪೋರ್ಟಲ್‌ಗೆ ಹಾಕಬೇಕು. ಒಂದೇ ಕೆಲಸವನ್ನು ತುಂಡು ತುಂಡು ಮಾಡಿ ಟೆಂಡರ್ ತಪ್ಪಿಸಿದರೆ ಅದೇ ತುಂಡು ಗುತ್ತಿಗೆ. ಅದಕ್ಕೆ ಅವಕಾಶ ಇಲ್ಲ.

ಇನ್ನೊಂದು ಬಾಗಿಲಿದೆ. ಕಾಯ್ದೆಯ 4(ಜಿ) ಕಲಂ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಕ್ಕೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಕಲಾಕೃತಿಗೆ ವಿನಾಯಿತಿ ಕೇಳೋದರಲ್ಲಿ ನ್ಯಾಯವೂ ಇದೆ, ಅಪಾಯವೂ ಇದೆ. ಒಬ್ಬ ಒಳ್ಳೆ ಶಿಲ್ಪಿಯನ್ನೇ ಗುರುತಿಸಿ ಕೊಡಬಹುದು ಅನ್ನೋದು ನ್ಯಾಯ. ಬೇಕಾದವರಿಗೆ ಕೊಟ್ಟರೂ ಕೇಳೋರಿಲ್ಲದೆ ಹೋಗಬಹುದು ಅನ್ನೋದು ಅಪಾಯ.

ಕಡಿಮೆ ರೇಟಿನ ತೊಂದರೆ

ಚರಂಡಿಗೆ, ಕಾಂಕ್ರೀಟ್ ರಸ್ತೆಗೆ ಸರ್ಕಾರದ ದರಪಟ್ಟಿ ಇದೆ. ಎಂಜಿನಿಯರುಗಳು ಅದನ್ನ ಎಸ್.ಆರ್. ಅಂತಾರೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಇಷ್ಟು ಅಂತ ಅದರಲ್ಲಿ ಬರೆದಿರುತ್ತೆ. ಆದರೆ ಒಂದು ಮುಖದ ಭಾವಕ್ಕೆ, ಬೆರಳಿನ ನಯಕ್ಕೆ ರೇಟ್ ಹಾಕೋದು ಹೇಗೆ? ಹಾಗಾಗಿ ಮಾರುಕಟ್ಟೆ ದರದ ಕೊಟೇಶನ್ ತರಿಸಿ ಅಂದಾಜು ಮಾಡ್ತಾರೆ.

ಟೆಂಡರ್‌ನಲ್ಲಿ ಅರ್ಹರ ಪೈಕಿ ಕಡಿಮೆ ದರ ಹಾಕಿದವರಿಗೆ ಕೆಲಸ. ಚರಂಡಿಗೆ ಇದು ಸರಿ. ಪ್ರತಿಮೆಗೆ ಇದನ್ನೇ ಹಿಡಿದರೆ, ಲೋಹದ ದಪ್ಪ ಕಡಿಮೆ ಮಾಡಿದವನೇ ಗೆಲ್ಲೋ ಹಾಗೆ ಆಗುತ್ತೆ.

ಕಲಾವಿದರಿಗೆ ಬೇರೆ ಕಷ್ಟ ಇದೆ. ಟೆಂಡರ್ ಹಾಕೋಕೆ ನೋಂದಣಿ, ಜಿಎಸ್‌ಟಿ, ಇಎಂಡಿ, ಹಿಂದಿನ ವರ್ಷಗಳ ವಹಿವಾಟಿನ ದಾಖಲೆ ಬೇಕು. ಒಬ್ಬನೇ ಕೂತು ಕೆತ್ತೋ ಶಿಲ್ಪಿ ಹತ್ತಿರ ಇಷ್ಟೆಲ್ಲ ಇರಲ್ಲ. ಆಗ ಕಟ್ಟಡದ ಗುತ್ತಿಗೆದಾರ ಕೆಲಸ ಹಿಡಿದು, ಶಿಲ್ಪಿಗೆ ಒಳಗುತ್ತಿಗೆ ಕೊಡ್ತಾನೆ. ದಾಖಲೆಯಲ್ಲಿ ಗುತ್ತಿಗೆದಾರನ ಹೆಸರು ಮಾತ್ರ ಉಳಿಯುತ್ತೆ. ಫಲಕದ ಮೇಲೆ ಕಲಾವಿದ ಕಾಣದೆ ಹೋಗೋಕೆ ಇದೂ ಒಂದು ಕಾರಣ.

ಇದಕ್ಕೆ ಪರಿಹಾರವೂ ನಮ್ಮ ದೇಶದಲ್ಲೇ ಇದೆ. ದೆಹಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಮುಂದೆ ಯಕ್ಷ, ಯಕ್ಷಿಯ ದೊಡ್ಡ ಕಲ್ಲಿನ ಮೂರ್ತಿಗಳಿವೆ. 1950ರ ದಶಕದಲ್ಲಿ ಹಲವು ಕಲಾವಿದರನ್ನ ಕರೆದು, ಮಾದರಿ ತರಿಸಿ, ನೋಡಿ, ರಾಮ್‌ಕಿಂಕರ್ ಬೈಜ್ ಅವರಿಗೆ ಕೆಲಸ ಕೊಟ್ಟರು. ಕೆಲಸ ಮುಗಿಯೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡೀತು. ಆದರೂ ಯಾವ ಮಾದರಿ ಒಪ್ಪಿದ್ದು, ಯಾರು ಮಾಡಿದ್ದು ಅನ್ನೋದರಲ್ಲಿ ಗೊಂದಲ ಇಲ್ಲ. ಮೊದಲು ಸಣ್ಣ ಮಾದರಿ, ಆಮೇಲೆ ಒಪ್ಪಿಗೆ, ಕೊನೆಗೆ ಬೆಲೆ. ಈ ಕ್ರಮ ತಾಲ್ಲೂಕು ಮಟ್ಟದಲ್ಲೂ ಸಾಧ್ಯ.

ಕಾರ್ಕಳ ಕಲಿಸಿದ ಪಾಠ

ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ಬೈಲೂರು ಬಳಿ ಉಮಿಕಲ್ ಬೆಟ್ಟದ ಮೇಲೆ ಪರಶುರಾಮ ಥೀಮ್ ಪಾರ್ಕ್ ಇದೆ. 33 ಅಡಿ ಎತ್ತರದ ಪ್ರತಿಮೆಯೊಂದಿಗೆ 2023ರ ಜನವರಿ 27ರಂದು ಅದು ಉದ್ಘಾಟನೆ ಆಯ್ತು. ಕಂಚಿನ ಪ್ರತಿಮೆ ಅಂತ ಹೇಳಲಾಗಿತ್ತು. ಕೆಲವೇ ತಿಂಗಳಲ್ಲಿ ಅದು ಕಂಚಿನದ್ದಲ್ಲ ಅನ್ನೋ ಆರೋಪ ಎದ್ದಿತು. ಅದೇ ವರ್ಷ ಪ್ರತಿಮೆಯ ಮೇಲಿನ ಭಾಗವನ್ನು ಇಳಿಸಿದರು. ಪ್ರತಿಭಟನೆ, ಪೊಲೀಸ್ ತನಿಖೆ, ಕೋರ್ಟು ಅಂತ ವಿಷಯ ಬೆಳೀತು.

ತಪ್ಪು ಯಾರದ್ದು ಅಂತ ಹೇಳೋದು ನ್ಯಾಯಾಲಯದ ಕೆಲಸ. ಆದರೆ ಪಾಠ ಸ್ಪಷ್ಟ. ಲೋಹ ಯಾವುದು, ತೂಕ ಎಷ್ಟು, ದಪ್ಪ ಎಷ್ಟು ಅನ್ನೋದನ್ನ ಪ್ರತಿಮೆ ಎರಕದ ಮನೆಯಲ್ಲಿ ಇರುವಾಗಲೇ ಪರೀಕ್ಷೆ ಮಾಡಿ ದಾಖಲಿಸಬೇಕು. ಬೆಟ್ಟದ ಮೇಲೆ ನಿಂತ ಮೇಲೆ ಕೆಳಗಿನಿಂದ ನೋಡೋರಿಗೆ ಕಂಚೂ ಒಂದೇ, ಬಣ್ಣ ಬಳಿದ ಫೈಬರೂ ಒಂದೇ.

ಹೋಲಿಕೆಗೆ ಇನ್ನೊಂದು ನೋಡಿ. ಬೆಂಗಳೂರು ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿ ಕೆಂಪೇಗೌಡರ ಪ್ರತಿಮೆ. ಶಿಲ್ಪಿ ರಾಮ್ ಸುತಾರ್. 98 ಟನ್ ಕಂಚು, 120 ಟನ್ ಉಕ್ಕು ಬಳಸಿದ್ದು ಅಂತ ಲೆಕ್ಕ ಬಹಿರಂಗವಾಗಿದೆ. ಖರ್ಚು ಜಾಸ್ತಿಯೋ ಕಡಿಮೆಯೋ ಅಂತ ವಾದ ಮಾಡೋಕೂ ಮೊದಲು ಇಂಥ ಲೆಕ್ಕ ಕೈಯಲ್ಲಿರಬೇಕು.

ಸರ್ಕಲ್‌ನಲ್ಲಿ ಪ್ರತಿಮೆ ಇಡಬಹುದಾ?

ಪೇಟೆಯವರಿಗೆ ಹೆಚ್ಚು ಸಂಬಂಧ ಇರೋದು ಇದು. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆ ಬದಿ ಮತ್ತು ಇತರ ಸಾರ್ವಜನಿಕ ಬಳಕೆಯ ಜಾಗದಲ್ಲಿ ಇನ್ನು ಮುಂದೆ ಪ್ರತಿಮೆ ಸ್ಥಾಪನೆಗೆ ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅನ್ನೋದು ಅದರ ಸಾರ. ಬೀದಿ ದೀಪ, ಸಂಚಾರ ವ್ಯವಸ್ಥೆಯಂಥ ಅಗತ್ಯಗಳಿಗೆ ಇದು ಅನ್ವಯಿಸಲ್ಲ.

ಹಾಗಾಗಿ ಸರ್ಕಲ್‌ನಲ್ಲಿ ಪ್ರತಿಮೆ ಇಡ್ತೀವಿ ಅಂತ ಯಾರಾದರೂ ಚಂದಾ ಕೇಳಿದರೆ, ಜಾಗ ಯಾವುದು, ಲಿಖಿತ ಅನುಮತಿ ಇದೆಯಾ, ಕೊಟ್ಟವರು ಯಾರು ಅಂತ ಕೇಳೋದು ತಪ್ಪಲ್ಲ. ಕೇಳಿದರೆ ಆ ಮಹನೀಯರಿಗೆ ಅವಮಾನ ಮಾಡಿದ ಹಾಗೂ ಅಲ್ಲ. ಅನುಮತಿ ಇಲ್ಲದೆ ರಾತ್ರೋರಾತ್ರಿ ನಿಲ್ಲಿಸಿ, ಆಮೇಲೆ ತೆರವು, ಬಂದ್, ಬಂದೋಬಸ್ತ್ ಅಂತ ಆದಾಗ ಮೊದಲು ಬಾಗಿಲು ಹಾಕಬೇಕಾಗೋದು ಅಂಗಡಿಯವರೇ. ಕಚೇರಿ ಆವರಣದ ಒಳಗೆ, ನಿರ್ಣಯ ಮಾಡಿ, ಅನುಮತಿ ಪಡೆದು ಇಟ್ಟರೆ ಆ ಮಹನೀಯರಿಗೂ ಗೌರವ, ಊರಿಗೂ ನೆಮ್ಮದಿ.

ಬೇರೆ ದೇಶದಲ್ಲಿ ಹೇಗೆ?

ಫ್ರಾನ್ಸ್‌ನಲ್ಲಿ 1951ರಿಂದ ಒಂದು ಪದ್ಧತಿ ಇದೆ. ಸರ್ಕಾರಿ ಕಟ್ಟಡದ ವೆಚ್ಚದ ಶೇ 1ರಷ್ಟನ್ನು ಕಲೆಗೆ ಎತ್ತಿಡಬೇಕು. ಶಾಲೆಗಳಿಂದ ಶುರುವಾಗಿ ಆಮೇಲೆ ಬೇರೆ ಕಟ್ಟಡಗಳಿಗೂ ಬಂತು. ಅಮೆರಿಕದ ಕೇಂದ್ರ ಸರ್ಕಾರದ ಹೊಸ ಕಟ್ಟಡಗಳಿಗೆ ಇದು ಕನಿಷ್ಠ ಶೇ 0.5. ಕಲಾವಿದನನ್ನು ಆರಿಸೋ ಸಮಿತಿಯಲ್ಲಿ ವಾಸ್ತುಶಿಲ್ಪಿ, ಕಲೆ ಬಲ್ಲವರು, ಸ್ಥಳೀಯರು ಇರ್ತಾರೆ.

ನಮ್ಮ ಲೆಕ್ಕಕ್ಕೆ ಇಳಿಸಿ ನೋಡಿ. 10 ಕೋಟಿ ರೂಪಾಯಿಯ ತಾಲ್ಲೂಕು ಕಟ್ಟಡ ಅಂದರೆ ಶೇ 0.5ಕ್ಕೆ 5 ಲಕ್ಷ, ಶೇ 1ಕ್ಕೆ 10 ಲಕ್ಷ. ಹಣ ಮೊದಲೇ ಬೇರೆ ಇಟ್ಟಿದ್ದರೆ ಎಷ್ಟು ಖರ್ಚು ಮಾಡಬಹುದು ಅನ್ನೋ ಮಿತಿಯೂ ಸಿಗುತ್ತೆ, ಕಲಾವಿದನಿಗೆ ನೇರ ಕೆಲಸವೂ ಸಿಗುತ್ತೆ.

ಈ ಪದ್ಧತಿ ಇದ್ದರೆ ಜಗಳವೇ ಇರಲ್ಲ ಅಂತಲ್ಲ. ನ್ಯೂಯಾರ್ಕ್‌ನ ಸರ್ಕಾರಿ ಕಚೇರಿ ಮುಂದೆ 1981ರಲ್ಲಿ ರಿಚರ್ಡ್ ಸೆರ್ರಾ ಅನ್ನೋ ಶಿಲ್ಪಿ ಉದ್ದನೆಯ ಉಕ್ಕಿನ ಗೋಡೆ ನಿಲ್ಲಿಸಿದ. ದಿನಾ ಓಡಾಡೋಕೆ ಅಡ್ಡ ಅಂತ ಅಲ್ಲಿನ ನೌಕರರು ವಿರೋಧಿಸಿದರು. 1989ರಲ್ಲಿ ತೆಗೆದರು. ಆ ಜಾಗ ಬಳಸೋರನ್ನ ಮೊದಲೇ ಕೇಳದಿದ್ದರೆ ದೊಡ್ಡ ಹೆಸರಿನ ಕಲಾವಿದ ಇದ್ದರೂ ಉಪಯೋಗ ಇಲ್ಲ.

ಇಟ್ಟ ಮೇಲೆ ತೆಗೆಯಬಹುದಾ?

ದುಡ್ಡು ಕೊಟ್ಟಿದ್ದೀವಿ, ಏನು ಬೇಕಾದರೂ ಮಾಡ್ತೀವಿ ಅಂತ ಸರ್ಕಾರ ಹೇಳೋ ಹಾಗಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರ್‌ನಾಥ್ ಸೆಹಗಲ್ ಅವರು ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು, ಹಾಳಾಯ್ತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಶಿಲ್ಪವನ್ನು ಅವರಿಗೆ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಿತು. ಕೃತಿ ಮಾರಿದರೂ ಅದರ ಮೇಲೆ ಕಲಾವಿದನ ನೈತಿಕ ಹಕ್ಕು ಉಳಿಯುತ್ತೆ ಅನ್ನೋದು ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ. ಶಾಲೆ ಗೋಡೆಗೆ ಚಿತ್ರ ಬರೆಯೋ ಊರಿನ ಕಲಾವಿದರೂ ಇದನ್ನ ತಿಳ್ಕೊಂಡಿರಬೇಕು.

ಯಾವಾಗ, ಏನು ಕೇಳಬೇಕು?

ನಿರ್ಣಯದ ಹಂತದಲ್ಲಿ: ಸಭೆ ನಡಾವಳಿಯಲ್ಲಿ ವಿಷಯ ಬಂದಿದೆಯಾ? ಜಾಗ ಯಾರದ್ದು? ಹಣ ಯಾವ ಲೆಕ್ಕ ಶೀರ್ಷಿಕೆಯಿಂದ?

ಟೆಂಡರ್ ಹಂತದಲ್ಲಿ: ಕಲಾಕೃತಿ ಪ್ರತ್ಯೇಕ ಐಟಂ ಆಗಿದೆಯಾ? ಯಾವ ವಸ್ತು, ಎಷ್ಟು ತೂಕ ಅಂತ ಬರೆದಿದ್ದಾರಾ? ಸಣ್ಣ ಮಾದರಿಯನ್ನು ಜನರಿಗೆ ತೋರಿಸ್ತಾರಾ? ಟೆಂಡರ್ ವಿನಾಯಿತಿ ಇದ್ದರೆ ಆದೇಶದ ಪ್ರತಿ ಎಲ್ಲಿ?

ಬಿಲ್ ಹಂತದಲ್ಲಿ: ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ ಏನು ಬರೆದಿದ್ದಾರೆ? ವಸ್ತುವಿನ ಪರೀಕ್ಷಾ ವರದಿ ಇದೆಯಾ? ಮುಂದಿನ ನಿರ್ವಹಣೆ ಯಾರದ್ದು?

ಬಾಯಿ ಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರದ ಹಾಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಈ ಕಾಯ್ದೆಯಲ್ಲಿ ಕಾಗದ ಕೇಳೋದು ಮಾತ್ರ ಅಲ್ಲ, ಕಾಮಗಾರಿ ಸ್ಥಳ ಪರಿಶೀಲಿಸೋಕೆ, ಬಳಸಿದ ವಸ್ತುವಿನ ದೃಢೀಕೃತ ಮಾದರಿ ಕೇಳೋಕೂ ಅವಕಾಶ ಇದೆ. ಕಂಚೋ ಫೈಬರೋ ಅನ್ನೋ ಪ್ರಶ್ನೆಗೆ ಇದು ನೇರ ದಾರಿ.

ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದಂಥ ದೊಡ್ಡ ಕಾಮಗಾರಿಯಿಂದ ಹಿಡಿದು ಊರಿನ ಅಂಗನವಾಡಿವರೆಗೆ, ಗೋಡೆ ಎದ್ದ ಕಡೆಯೆಲ್ಲ ಅದರ ಮೇಲೆ ಏನಿರಬೇಕು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಆಗ ಕೇಳಬಹುದಾದ ಕೊನೇ ಪ್ರಶ್ನೆಗೆ ಖರ್ಚೂ ಇಲ್ಲ, ಕಾಯ್ದೆಯೂ ಬೇಕಿಲ್ಲ. ಫಲಕದಲ್ಲಿ ಮಾಡಿದವರ ಹೆಸರು ಹಾಕ್ತೀರಾ? 1246ರಲ್ಲಿ ನುಗ್ಗೇಹಳ್ಳಿಯಲ್ಲಿ ಹಾಕಿದ್ದಾರೆ.